ಕೆಳಗೆ ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಇರುತ್ತದೆ

ಡ್ರೋನ್ ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರನ್ನು ಗಮನಿಸಿ ನೋಡಿ. ಸೈಟ್‌ನಲ್ಲಿ ಗಾಡಿ ಇಳಿದ ಕೂಡಲೇ ತಲೆ ಎತ್ತಿ ಆಕಾಶ ನೋಡುತ್ತಾರೆ. "ವೆದರ್ ಸೂಪರ್ ಆಗಿದೆ ಸರ್" ಅನ್ನುತ್ತಾರೆ. ಮೋಡ ಇಲ್ಲ, ಮಳೆ ಇಲ್ಲ, ಮುಖಕ್ಕೆ ಗಾಳಿ ಹೊಡೆಯುತ್ತಿಲ್ಲ. ಎಲ್ಲ ಸರಿ, ಆದರೆ ಡ್ರೋನ್ ಹಾರುವುದು ನಮ್ಮ ಮುಖದ ಎತ್ತರದಲ್ಲಿ ಅಲ್ವಲ್ಲ!

ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ, ಅಂದರೆ ಮೆಟಾರ್‌ನಲ್ಲಿ, ಬರುವ ಗಾಳಿಯ ವೇಗ ಸುಮಾರು 10 ಮೀಟರ್ ಎತ್ತರದ ಕಂಬದ ಮೇಲೆ ಅಳೆದದ್ದು. ಮೊಬೈಲ್ ಆ್ಯಪ್‌ಗಳು ತೋರಿಸುವುದೂ ಹೆಚ್ಚಾಗಿ ಅದೇ ಎತ್ತರದ್ದು. ನಾವು ಸರ್ವೆ ಮಾಡುವುದು 100-120 ಮೀಟರ್‌ನಲ್ಲಿ. ಬಯಲು ಜಾಗದಲ್ಲಿ ಹಗಲು ಹೊತ್ತು ಕೆಳಗೆ ಸೆಕೆಂಡಿಗೆ 7 ಮೀಟರ್ ಗಾಳಿ ಇದ್ದರೆ ಮೇಲೆ 10 ಇದೆ ಎಂದೇ ಲೆಕ್ಕ ಹಾಕಬೇಕು. ಸಣ್ಣ ಡ್ರೋನ್‌ಗಳು ತಡೆಯುವ ಗಾಳಿಯ ಮಿತಿ ಸಾಮಾನ್ಯವಾಗಿ 10ರಿಂದ 12ರ ಒಳಗೆ. ಅಂದರೆ ಕೆಳಗೆ ಹಾಯಾಗಿ ಕಾಣುವ ದಿನ ಮೇಲೆ ಮಿತಿ ಮುಟ್ಟಿರುತ್ತದೆ.

ಬೆಳಗಿನ ಜಾವ ಇನ್ನೂ ಮೋಸ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಅಂಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಅಲ್ಲೇ ಕೂತುಬಿಡುತ್ತದೆ. ಅದರ ಮೇಲಿನ ಪದರಕ್ಕೆ ಈಗ ನೆಲದ ತಡೆ ಇಲ್ಲ. ಅದು ತನ್ನ ಪಾಡಿಗೆ ಜೋರಾಗಿ ಹರಿಯುತ್ತಿರುತ್ತದೆ. ಕೆಳಗೆ ಎಲೆ ಅಲ್ಲಾಡುವುದಿಲ್ಲ, ಡ್ರೋನ್ ಏರುತ್ತಾ ಹೋದಂತೆ ಒಂದು ಎತ್ತರದಲ್ಲಿ ಯಾರೋ ಪಕ್ಕದಿಂದ ತಳ್ಳಿದ ಹಾಗೆ ವಾಲುತ್ತದೆ. ಬಿಸಿಲು ಏರಿ ಎರಡು ಪದರಗಳು ಬೆರೆತಾಗ ಆ ಮೇಲಿನ ಗಾಳಿಯೇ ಕೆಳಗಿಳಿಯುತ್ತದೆ. "ಇಷ್ಟೊತ್ತು ಇರಲಿಲ್ಲ, ಈಗ ಗಾಳಿ ಶುರುವಾಯ್ತು" ಎಂದು ಎಲ್ಲರೂ ಹೇಳುವುದು ಆಗಲೇ. ಎಷ್ಟೋ ಸಲ ಶುರುವಾಗಿದ್ದಲ್ಲ, ಮೇಲಿದ್ದದ್ದು ಕೆಳಗೆ ಬಂದದ್ದು. ವಿಂಡಿಯಂಥ ಆ್ಯಪ್‌ಗಳಲ್ಲಿ 100 ಮೀಟರ್ ಎತ್ತರದ ಗಾಳಿ ನೋಡುವ ಸೌಲಭ್ಯ ಇದೆ. ನಾನು ಮೊದಲು ತೆರೆಯುವುದು ಅದನ್ನೇ.

ಗಾಳಿ ಮಿತಿಯೊಳಗೆ ಇದೆ ಎಂದಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ. ಡ್ರೋನ್ ಗಾಳಿಯಲ್ಲಿ ಸೆಕೆಂಡಿಗೆ 12 ಮೀಟರ್ ಹೋಗುತ್ತದೆ, ಗಾಳಿ 8 ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಗಾಳಿ ಬೀಸುವ ಕಡೆಗೇ ಹೊರಟರೆ ವೇಗ 20. ಒಂದು ಕಿಲೋಮೀಟರ್ 50 ಸೆಕೆಂಡ್‌ನಲ್ಲಿ ಮುಗಿಯುತ್ತದೆ. ವಾಪಸ್ ಬರುವಾಗ ಎದುರುಗಾಳಿ, ಉಳಿಯುವ ವೇಗ ಬರೀ 4. ಅದೇ ಒಂದು ಕಿಲೋಮೀಟರ್‌ಗೆ 250 ಸೆಕೆಂಡ್, ಅಂದರೆ ನಾಲ್ಕು ನಿಮಿಷಕ್ಕೂ ಜಾಸ್ತಿ. ಹೋಗುವಾಗ ಬ್ಯಾಟರಿ ಇಳಿದೇ ಇಲ್ಲ ಎಂದು ಖುಷಿಪಟ್ಟವರು ಬರುವಾಗ ಪರದೆ ನೋಡುತ್ತಾ ಬೆವರುತ್ತಾರೆ. ಅದಕ್ಕೇ ನಮ್ಮ ತಂಡದಲ್ಲಿ ಮೊದಲು ಕೆಲಸದ ಎತ್ತರಕ್ಕೆ ಏರಿಸಿ ಒಂದು ನಿಮಿಷ ಸುಮ್ನೆ ನಿಲ್ಲಿಸುತ್ತೇವೆ. ನಿಂತಲ್ಲೇ ನಿಲ್ಲಲು ಡ್ರೋನ್ ಗಾಳಿಯ ಕಡೆಗೆ ಎಷ್ಟು ವಾಲುತ್ತಿದೆ ಎಂದು ನೋಡಿದರೆ ಅಲ್ಲಿನ ಗಾಳಿ ಗೊತ್ತಾಗುತ್ತದೆ. ಆಮೇಲೆ ಎದುರುಗಾಳಿಯ ಕಡೆಯಿಂದ ಕೆಲಸ ಶುರು. ಬ್ಯಾಟರಿ ತುಂಬಿರುವಾಗ ಕಷ್ಟದ ದಾರಿ, ಖಾಲಿಯಾಗುವಾಗ ಸುಲಭದ ದಾರಿ.

ಮೆಟಾರ್ ಓದಲು ಕಲಿಯುವುದು ಏನೂ ಕಷ್ಟವಲ್ಲ, ಆದರೆ ಗಾಳಿಯ ಸಾಲಿನಲ್ಲಿ 'ಜಿ' ಅಕ್ಷರ ಇದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. 240 ಡಿಗ್ರಿ, 12, ಜಿ, 22 ನಾಟ್ ಎಂದಿದ್ದರೆ ನೈಋತ್ಯದಿಂದ ಸರಾಸರಿ 12 ನಾಟ್ ಬೀಸುತ್ತಿದೆ, ನಡುನಡುವೆ 22ರ ಹೊಡೆತ ಇದೆ ಎಂದರ್ಥ. 12 ನಾಟ್ ಅಂದರೆ ಸೆಕೆಂಡಿಗೆ 6 ಮೀಟರ್ ಚಿಲ್ಲರೆ, ಆರಾಮಾಗಿ ಹಾರಿಸಬಹುದು. 22 ನಾಟ್ ಅಂದರೆ 11 ಮೀಟರ್ ದಾಟಿತು. ಡ್ರೋನ್ ಬೀಳುವುದು ಸರಾಸರಿಗೆ ಅಲ್ಲ, ಹೊಡೆತಕ್ಕೆ. ವರದಿಯ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಮಾನಕ ಸಮಯದಲ್ಲಿ, ಇರುತ್ತದೆ, ನಮ್ಮ ಗಡಿಯಾರಕ್ಕೆ ಹೊಂದಿಸಿಕೊಂಡು ಓದಬೇಕು. ಹಳೇ ವರದಿ ನೋಡಿ "ಗಾಳಿ ಇಲ್ಲ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ.

ವಿಮಾನ ನಿಲ್ದಾಣದ ಹವಾಮಾನ ಮುನ್ಸೂಚನೆಯಾದ ಟಾಫ್‌ನಲ್ಲಿ 'ಟೆಂಪೋ' ಎಂಬ ಪದ ಬರುತ್ತದೆ. ಒಂದು ಸಲಕ್ಕೆ ಒಂದು ಗಂಟೆಯೊಳಗೆ ಮುಗಿಯುವ, ಬಂದು ಹೋಗುವ ಬದಲಾವಣೆ ಅದು. ವಿಮಾನದವರು ಅದನ್ನು ನೋಡಿ ಹೆಚ್ಚುವರಿ ಇಂಧನ ತುಂಬಿಸಿಕೊಂಡು ಬರುತ್ತಾರೆ, ಬೇಕಾದರೆ ಮೇಲೆ ಸುತ್ತು ಹೊಡೆಯುತ್ತಾ ಕಾಯುತ್ತಾರೆ. ನಮ್ಮ ಬ್ಯಾಟರಿ ಅರ್ಧ ಗಂಟೆಯದ್ದು. ಅವರಿಗೆ ತಾತ್ಕಾಲಿಕವಾದದ್ದು ನಮಗೆ ಇಡೀ ಹಾರಾಟ. ಆದ್ದರಿಂದ ಟೆಂಪೋದಲ್ಲಿ ಬರೆದ ಗಾಳಿಯನ್ನೇ ಆ ಹೊತ್ತಿನ ಗಾಳಿ ಎಂದು ನಾನು ಓದುತ್ತೇನೆ. ಇನ್ನೊಂದು ವಿಷಯ, ಟಾಫ್ ಬರೆಯುವುದು ನಿಲ್ದಾಣದ ಸುತ್ತಲಿನ ಎಂಟೊಂಬತ್ತು ಕಿಲೋಮೀಟರ್‌ಗೆ. ಸೈಟ್ ಬೆಟ್ಟದ ಆಚೆ ಇದ್ದರೆ ಅದು ಬರೀ ಸುಳಿವು.

ಬಿಸಿಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಸಿಯಾದ ಗಾಳಿ ತೆಳುವಾಗಿರುತ್ತದೆ, ಪ್ರೊಪೆಲ್ಲರ್‌ಗೆ ಹಿಡಿತ ಸಿಗುವುದಿಲ್ಲ. ಸಮುದ್ರಮಟ್ಟದಿಂದ 3000 ಅಡಿ ಎತ್ತರದ ಜಾಗದಲ್ಲಿ ಮಾನಕ ವಾತಾವರಣದ ಲೆಕ್ಕದ ಪ್ರಕಾರ 9 ಡಿಗ್ರಿ ಇರಬೇಕು. ಅಲ್ಲಿ 35 ಡಿಗ್ರಿ ಇದ್ದರೆ, ಹೆಚ್ಚುವರಿ ಪ್ರತಿ ಡಿಗ್ರಿಗೆ 120 ಅಡಿಯಂತೆ, ಡ್ರೋನ್‌ಗೆ ಅದು 6000 ಅಡಿಗೂ ಮೇಲೆ ಹಾರಿದ ಹಾಗೆ. ಸಮುದ್ರಮಟ್ಟದ ಮಾನಕ ಗಾಳಿಯಲ್ಲಿ ಬೇಕಾಗುವುದಕ್ಕಿಂತ ನಿಂತಲ್ಲಿ ನಿಲ್ಲಲು ಹತ್ತರಲ್ಲೊಂದು ಪಾಲು ಹೆಚ್ಚು ಶಕ್ತಿ ಬೇಕು. ಅಷ್ಟು ನಿಮಿಷ ಹಾರಾಟದಿಂದ ಕಳೆದುಕೊಳ್ಳಿ.

ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್ (ಗಾಳಿಯಲ್ಲಿನ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) ನಡುವೆ ಎರಡು-ಮೂರು ಡಿಗ್ರಿ ಮಾತ್ರ ಅಂತರ ಇದ್ದರೆ ಮಂಜು ಕವಿಯಬಹುದು ಎಂದು ತಿಳಿಯಿರಿ. ಮಂಜು ಬಂದರೆ ಡ್ರೋನ್ ಕಣ್ಣಿಗೆ ಕಾಣುವುದಿಲ್ಲ, ಅಲ್ಲಿಗೆ ಮುಗಿಯಿತು. ಭೂಮಿಯ ಕಾಂತಕ್ಷೇತ್ರದ ಏರುಪೇರು ಹೇಳುವ ಕೆಪಿ ಸೂಚ್ಯಂಕವನ್ನು ಮಾತ್ರ ಎಲ್ಲರೂ ಭಕ್ತಿಯಿಂದ ನೋಡುತ್ತಾರೆ. ನೋಡಲಿ, ಬೇಡ ಅನ್ನುವುದಿಲ್ಲ. 5 ಮುಟ್ಟಿದರೆ ಭೂಕಾಂತದ ಬಿರುಗಾಳಿ, ಜಿಪಿಎಸ್ ಮೇಲೆ ಪರಿಣಾಮ ಆಗಬಹುದು. ಆದರೆ ಕೆಪಿ ನೋಡಿ ಗಾಳಿ ನೋಡದವರನ್ನು ಕಂಡರೆ ನನಗೆ ನಗು ಬರುತ್ತದೆ.

ನಾನು ಚೌಕಾಸಿ ಮಾಡದೆ ಇರುವುದು ಗುಡುಗು ಮೋಡದ ವಿಷಯದಲ್ಲಿ. ಮೋಡದೊಳಗಿಂದ ಮಳೆಯ ಜೊತೆ ಬೀಳುವ ತಣ್ಣನೆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮೋಡ ಇನ್ನೂ ಹತ್ತಿಪ್ಪತ್ತು ಕಿಲೋಮೀಟರ್ ದೂರ ಇರುವಾಗಲೇ ಅದರ ಮುಂಚೂಣಿ ನಮ್ಮನ್ನು ಮುಟ್ಟಬಹುದು. ತಲೆ ಮೇಲೆ ಬಿಸಿಲೇ ಇರುತ್ತದೆ. ಮೊದಲು ಗಾಳಿ ಪೂರ್ತಿ ನಿಲ್ಲಬಹುದು, ಆಮೇಲೆ ದಿಕ್ಕು ಬದಲಾಗಿ ಒಮ್ಮೆಲೇ ತಣ್ಣಗೆ ಬೀಸುತ್ತದೆ, ದೂರದಲ್ಲಿ ಧೂಳು ಏಳುತ್ತದೆ. ಧೂಳು ಕಂಡ ಮೇಲೆ ಡ್ರೋನ್ ವಾಪಸ್ ಕರೆಸಲು ಸಮಯ ಸಾಲದು. ಹಾಗಾಗಿ ಗುಡುಗು ಕಿವಿಗೆ ಬಿದ್ದರೆ ಸಾಕು, ಇಳಿಸುತ್ತೇವೆ. "ಇನ್ನೊಂದೇ ಲೈನ್ ಬಾಕಿ ಇದೆ, ಮುಗಿಸಿಬಿಡಿ ಸರ್" ಎಂದು ಕ್ಲೈಂಟ್ ಕಡೆಯವರು ಹೇಳುತ್ತಾರೆ. ಮಿಷನ್ ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಸಾಫ್ಟ್‌ವೇರ್‌ನಲ್ಲಿ ಇದೆ. ಬೆಳಕು ಬದಲಾಗಿ ನಕ್ಷೆಯಲ್ಲಿ ಒಂದು ಪಟ್ಟಿ ಬೇರೆ ಬಣ್ಣದಲ್ಲಿ ಕಾಣಬಹುದು ಎಂದು ಅವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.