ಕರಿಹಲಗೆಯ ಕೋನಮಾಪಕ, ನನ್ನ ಎಡ ಮಂಡಿ

ಹಸಿ ಹುರುಳಿಕಾಯಿ ಮುರಿದ ಹಾಗೆ "ಟಪ್" ಅಂತ ಒಂದು ಸದ್ದು. 2022ರ ಡಿಸೆಂಬರ್, ಶಿಕ್ಷಕರ ಕ್ರೀಡಾಕೂಟ, ಥ್ರೋಬಾಲ್. ಬಾಲ್ ಹಿಡಿಯೋಕೆ ಎಗರಿದೆ, ಎಡಗಾಲ ಮೇಲೆ ಇಳಿದೆ. ಪಾದ ನೆಲಕ್ಕೆ ಅಂಟಿಕೊಂಡೇ ಇತ್ತು, ಮೈ ಮಾತ್ರ ಬಲಕ್ಕೆ ತಿರುಗಿಬಿಟ್ಟಿತ್ತು. ಸದ್ದು ನನಗೊಬ್ಬಳಿಗೇ ಕೇಳಿಸಿದ್ದು ಅಂದುಕೊಂಡಿದ್ದೆ. ನೆಟ್‌ನ ಆಚೆ ನಿಂತಿದ್ದ ಹಿಂದಿ ಟೀಚರ್ ಕೂಡ ಕೇಳಿಸ್ತು ಅಂತ ಆಮೇಲೆ ಹೇಳಿದರು.

ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಅಂದರೆ ಬ್ರೆವೆ, ಅದರಲ್ಲಿ ಮುನ್ನೂರು ಕಿಲೋಮೀಟರ್ ತುಳಿದವಳು, ಊಟಿ ಘಾಟಿ ಹತ್ತಿದವಳು, ಕಾಲು ಮುರ್ಕೊಂಡಿದ್ದು ಹದಿನೈದು ಪಾಯಿಂಟಿನ ಥ್ರೋಬಾಲಿನಲ್ಲಿ. ಮನೆಯಲ್ಲಿ ಇದನ್ನು ಈಗಲೂ ಆಡಿಕೊಳ್ತಾರೆ.

ಮೊದಲು ನೋಡಿದ ಡಾಕ್ಟರು "ಉಳುಕು ಅಷ್ಟೇ, ಕ್ರೇಪ್ ಬ್ಯಾಂಡೇಜ್ ಕಟ್ಟಿ" ಅಂದರು. ಅತ್ತೆ ಪುತ್ತೂರು ಕಟ್ಟು ಹಾಕಿಸೋಣ ಅಂದರು. ಇಬ್ಬರ ಮಾತೂ ಅರ್ಧರ್ಧ ಕೇಳಿ ಎರಡು ವಾರ ಕಳೆದೆ. ಊತ ಇಳಿಯಿತು, ನಡೆಯೋಕೂ ಬಂತು. ಸರಿಹೋಯ್ತು ಅಂದುಕೊಂಡು ಶಾಲೆಗೆ ಹೋದರೆ ಮೆಟ್ಟಿಲ ಮೇಲೆ ಮಂಡಿ ಇದ್ದಕ್ಕಿದ್ದ ಹಾಗೆ ಕೈಕೊಟ್ಟಿತು. ನೋವಿಲ್ಲ. ಒಳಗೆ ಏನೋ ಜಾರಿದ ಹಾಗೆ, ಅಷ್ಟೇ. ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು: ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡೋ ಎಸಿಎಲ್ ಅನ್ನೋ ಲಿಗಮೆಂಟು ಪೂರ್ತಿ ತುಂಡು, ಮೂಳೆಗಳ ನಡುವಿನ ಮೆತ್ತೆಯಂಥ ಒಳಬದಿಯ ಮೆನಿಸ್ಕಸ್‌ನಲ್ಲೂ ಒಂದು ಸೀಳು.

ಮರು ತಿಂಗಳು ಆಪರೇಷನ್ ಆಯಿತು. ಹರಿದುಹೋದ ಈ ಲಿಗಮೆಂಟನ್ನು ಸಾಮಾನ್ಯವಾಗಿ ಹೊಲಿಯೋದಿಲ್ಲ, ಹೊಸದನ್ನೇ ಕೂರಿಸ್ತಾರೆ ಅನ್ನೋದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ನನ್ನದೇ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು, ನಾಲ್ಕು ಮಡಿಕೆ ಮಾಡಿ, ತೊಡೆಮೂಳೆಗೂ ಮಂಡಿ ಕೆಳಗಿನ ಕಣಕಾಲಿನ ಮೂಳೆಗೂ ತೂತು ಕೊರೆದು ಎಳೆದು, ಮೇಲೆ ಒಂದು ಲೋಹದ ಗುಂಡಿ, ಕೆಳಗೆ ಒಂದು ಸ್ಕ್ರೂ. ಎಂಟು ಮಿಲಿಮೀಟರ್ ದಪ್ಪ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಸ್ಲೇಟಿನ ಬಳಪದಷ್ಟು. ಅದರ ಮೇಲೆ ನನ್ನ ಅರವತ್ತೊಂದು ಕೆ.ಜಿ. ನಿಲ್ಲಬೇಕು. ಮೆನಿಸ್ಕಸ್ಸನ್ನು ಮಾತ್ರ ಹೊಲಿದಿದ್ದರು. ಹಾಗಾಗಿ ಮೊದಲ ನಾಲ್ಕು ವಾರ ತೊಂಬತ್ತು ಡಿಗ್ರಿ ದಾಟಿ ಮಡಚಬಾರದು, ನಾಲ್ಕು ತಿಂಗಳು ಕುಕ್ಕರಗಾಲಲ್ಲಿ ಕೂರಬಾರದು. ನಮ್ಮನೆಯಲ್ಲಿ ಇರೋದು ಇಂಡಿಯನ್ ಟಾಯ್ಲೆಟ್. ಮೆಡಿಕಲ್ ಸ್ಟೋರಿನಿಂದ ತಂದ ಕಮೋಡ್ ಚೇರಿನ ಪುರಾಣ ಇಲ್ಲಿ ಬೇಡ.

ಡಿಗ್ರಿ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ನಾನು ಹೈಸ್ಕೂಲಿಗೆ ಗಣಿತ ಹೇಳೋಳು. ಫಿಸಿಯೋ ಹುಡುಗಿ ವಾರಕ್ಕೆರಡು ಸಲ ಬಂದು ತನ್ನ ಪ್ಲಾಸ್ಟಿಕ್ ಮಾಪಕ ಇಟ್ಟು ಮಂಡಿ ಎಷ್ಟು ಮಡಚುತ್ತೆ ಅಂತ ಬರ್ಕೊಳ್ತಿದ್ದಳು. ಮಿಕ್ಕ ಐದು ದಿನ ನನಗೆ ತಡೆಯೋಕಾಗ್ತಿರಲಿಲ್ಲ. ಕರಿಹಲಗೆ ಮೇಲೆ ಬಳಸೋ ದೊಡ್ಡ ಮರದ ಕೋನಮಾಪಕ ಮನೆಯಲ್ಲೇ ಇತ್ತು, ಒಂದು ತುದಿ ಸವೆದದ್ದು. ಮಗಳು ಅದನ್ನು ನನ್ನ ಮಂಡಿಗೆ ಆನಿಸಿ, ಒಂದು ಕಣ್ಣು ಮುಚ್ಚಿ, "ಅಮ್ಮಾ, ಎಂಬತ್ತೇಳು!" ಅಂತ ಕೂಗೋಳು. ಮಾರನೇ ದಿನ ಎಂಬತ್ನಾಲ್ಕು. ಅಳತೆ ತಪ್ಪಾ, ಕಾಲು ತಪ್ಪಾ ಅಂತ ಇಬ್ಬರೂ ಜಗಳ ಆಡ್ತಿದ್ವಿ.

ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ಮಡಚೋದರ ಬಗ್ಗೆ. ನೋಡೋಕೆ ಬಂದವರೂ ಅದನ್ನೇ ಕೇಳೋರು, "ಎಷ್ಟು ಮಡಚ್ತೀರಿ ಈಗ?" ಮೂರನೇ ವಾರ ಫಿಸಿಯೋ ಒಂದು ಮಾತು ಹೇಳಿದಳು: "ಮೇಡಂ, ಮಡಚೋದು ತಾನಾಗೇ ಬರುತ್ತೆ. ನಿಮಗೆ ಚಾಚೋಕೆ ಬರ್ತಿಲ್ಲ." ನನ್ನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಮಂಡಿಯಿಂದ ಕೆಳಗೆ ಎರಡೂ ಕಾಲು ಮಂಚದಾಚೆ ಇಳಿಬಿಡಿಸಿದಳು. ಎಡ ಹಿಮ್ಮಡಿ ಬಲಗಡೆಯದಕ್ಕಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲಿತ್ತು. "ಒಂದು ಸೆಂಟಿಮೀಟರಿಗೆ ಸುಮಾರು ಒಂದು ಡಿಗ್ರಿ ಅಂತ ಇಟ್ಕೊಳ್ಳಿ" ಅಂದಳು. ನಾನು ಸುಮ್ಮನಿರ್ತೀನಾ? ಚಾಪದ ಉದ್ದ ಅಂದರೆ ತ್ರಿಜ್ಯವನ್ನು ಕೋನದಿಂದ ಗುಣಿಸಿದ್ದು. ನನ್ನ ಮಂಡಿಯಿಂದ ಹಿಮ್ಮಡಿಗೆ 44 ಸೆಂ.ಮೀ. ಅಂದರೆ ಒಂದು ಡಿಗ್ರಿಗೆ ಮುಕ್ಕಾಲು ಸೆಂಟಿಮೀಟರ್ ಚಿಲ್ಲರೆ. ನಾಲ್ಕೂವರೆ ಅಲ್ಲ, ಹತ್ತಿರ ಹತ್ತಿರ ಆರು ಡಿಗ್ರಿ ಸೊಟ್ಟ! ಲೆಕ್ಕ ಸರಿಮಾಡಿ ನನ್ನ ಸ್ಥಿತಿಯನ್ನ ಇನ್ನೂ ಕೆಡಿಸ್ಕೊಂಡೆ.

ಆರು ಡಿಗ್ರಿ ಅಂದರೆ ಕಾಗದದ ಮೇಲೆ ಕಣ್ಣಿಗೂ ಕಾಣದ ಕೋನ. ಆದರೆ ಕಾಲು ಪೂರ್ತಿ ನೇರ ಆಗದಿದ್ದರೆ ತೊಡೆಯ ಮುಂದಿನ ಸ್ನಾಯು ಸರಿಯಾಗಿ ಬಿಗಿಯೋದಿಲ್ಲ, ನಡಿಗೆ ಕುಂಟುತ್ತೆ, ಮಂಡಿಚಿಪ್ಪಿನ ಮೇಲೆ ಭಾರ ಬಿದ್ದು ಅಲ್ಲೊಂದು ಹೊಸ ನೋವು ಶುರುವಾಗುತ್ತೆ. ಹಾಗಾಗಿ ದಿನಕ್ಕೆ ಐದು ಸಲ ಹಿಮ್ಮಡಿ ಕೆಳಗೆ ಸುತ್ತಿದ ಟವಲ್ ಇಟ್ಟು, ಮಂಡಿ ಕೆಳಗೆ ಏನೂ ಇಡದೆ, ಹತ್ತು ನಿಮಿಷ ಸುಮ್ಮನೆ ಕೂರೋದು. ಮಗಳು ಮಂಡಿಯ ಅಡಿಗೆ ಅಂಗೈ ತೂರಿಸಿ ನೋಡೋಳು. ಕೈ ಒಳಗೆ ಹೋದರೆ ನಾನು ಫೇಲ್. ಏಳನೇ ವಾರ ಒಂದು ಸಂಜೆ ಕೈ ಹೋಗಲಿಲ್ಲ. ಈ ಆಪರೇಷನ್ ಆದ ಯಾರಾದರೂ ಇದನ್ನು ಓದ್ತಿದ್ದರೆ, ದಿಂಬನ್ನು ಮಂಡಿ ಕೆಳಗೆ ಇಟ್ಟುಕೊಂಡು ಮಲಗಬೇಡಿ. ಸುಖವಾಗಿರುತ್ತೆ, ಅದೇ ತೊಂದರೆ.

ಅದೇ ವಾರ ಸೈಕಲ್ ಕೂಡ. ರಸ್ತೆಯಲ್ಲಲ್ಲ, ಟ್ರೈನರ್ ಸ್ಟ್ಯಾಂಡ್‌ಗೆ ಸಿಕ್ಕಿಸಿ ಹಾಲ್‌ನಲ್ಲಿ. ಪೆಡಲ್ ಒಂದು ಪೂರ್ತಿ ಸುತ್ತು ತಿರುಗೋಕೆ ಮಂಡಿ ನೂರೈದು, ನೂರಾಹತ್ತು ಡಿಗ್ರಿಯಾದರೂ ಮಡಚಬೇಕು. ಅದಕ್ಕೆ ಮುಂಚೆ ಗಡಿಯಾರದ ಲೋಲಕದ ಹಾಗೆ ಅರ್ಧ ಹೋಗಿ ವಾಪಸ್ ಬರೋದಷ್ಟೇ. ಸೀಟನ್ನು ಒಂದು ಬೆರಳಷ್ಟು ಎತ್ತರಿಸಿದರೆ ಸುಲಭ ಅಂತ ಫಿಸಿಯೋ ಹೇಳಿದ್ದಳು. ಮೊದಲ ಪೂರ್ತಿ ಸುತ್ತು ಬಂದಿದ್ದು ಹಿಂದುಮುಂದಾಗಿ. ಹಿಂದಕ್ಕೆ ತುಳಿಯೋದು ಅದ್ಯಾಕೋ ಮೊದಲು ಸಿಗುತ್ತೆ. ಮೇಲೆ ಬಂದ ಪೆಡಲ್ ಒಂದು ಕ್ಷಣ ಸಿಕ್ಕಿಹಾಕೊಂಡ ಹಾಗಾಗಿ, ಚರ್ಮ ಎಳೆದು, ಪುಳಕ್ಕಂತ ಆಚೆಗೆ ಜಾರಿತು. ನಾನು ಅತ್ತೆ. ಅಡುಗೆಮನೆಯಿಂದ ಅತ್ತೆ ಓಡಿಬಂದು ಏನು ಮುರೀತು ಅಂತ ಕೇಳಿದರು. (ಈ ಸಾಲಿನಲ್ಲಿ ಎರಡು ಅತ್ತೆ ಬಂತು, ತಿದ್ದೋಕೆ ಮನಸ್ಸಾಗಲಿಲ್ಲ.)

ಹತ್ತನೇ ವಾರದ ತಪ್ಪು ಪೂರ್ತಿ ನನ್ನದು. ನೋವಿರಲಿಲ್ಲ, ಊತ ಇರಲಿಲ್ಲ, ನಡಿಗೆ ಮೊದಲಿನ ಹಾಗೇ ಆಗಿತ್ತು. ಯಾರಿಗೂ ಹೇಳದೆ ಬೆಳಗ್ಗೆ ಐದೂವರೆಗೆ ಸೈಕಲ್ ಇಳಿಸಿ ಲಿಂಗಾಂಬುಧಿ ಕೆರೆ ಕಡೆ ಹೊರಟೆ. ತಿರುವಿನಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಹಿಡಿದು ಅಭ್ಯಾಸಬಲದಿಂದ ಎಡಗಾಲನ್ನೇ ಊರಿದೆ, ಊರಿದ ಕಾಲು ಸ್ವಲ್ಪ ತಿರುಚಿತು. ಬೀಳಲಿಲ್ಲ. ನಾಯಿ ಬಾಲ ಅಲ್ಲಾಡಿಸಿ ಹೋಯಿತು. ಮಧ್ಯಾಹ್ನದೊತ್ತಿಗೆ ಮಂಡಿ ಗುಂಡಗೆ ಊದಿಕೊಂಡಿತ್ತು.

ಡಾಕ್ಟರು ಮಂಡಿಯನ್ನು ಸ್ವಲ್ಪ ಮಡಚಿ, ಕಣಕಾಲನ್ನು ಮುಂದಕ್ಕೆ ಎಳೆದೆಳೆದು ನೋಡಿದರು. ಕಸಿ ಮಾಡಿದ ಗ್ರಾಫ್ಟ್ ಗಟ್ಟಿಯಾಗೇ ಇತ್ತು. ಆಮೇಲೆ ಬೈದರು, ಬೈತಾ ಬೈತಾ ಒಂದು ವಿಷಯ ತಿಳಿಸಿದರು. ಕಸಿ ಮಾಡಿದ ರಜ್ಜು ಮೊದಲಿಗೆ ರಕ್ತ ಸಂಚಾರವೇ ಇಲ್ಲದ ಬರೀ ಹಗ್ಗ. ಆಮೇಲೆ ನಿಧಾನಕ್ಕೆ ರಕ್ತನಾಳ ಹಬ್ಬಿ, ಹಳೆಯದು ಕರಗಿ, ಹೊಸ ಎಳೆ ಹುಟ್ಟಬೇಕು. ಈ ಬದಲಾವಣೆಯ ನಡುವೆ, ಸುಮಾರು ಆರರಿಂದ ಹನ್ನೆರಡು ವಾರದೊಳಗೆ, ಅದು ಅತಿ ದುರ್ಬಲವಾಗಿರುತ್ತೆ. ರೋಗಿಗೆ "ನಾನು ಸರಿಹೋದೆ" ಅನ್ನಿಸೋದೂ ಅದೇ ಹೊತ್ತಿಗೆ. ಎರಡು ವಾರ ಐಸ್ ಇಟ್ಟುಕೊಂಡು ಕೂತೆ. ಆವತ್ತೇ ಸೈಕಲ್ಲಿನಿಂದ ಬೂಟನ್ನು ಕಚ್ಚಿಹಿಡಿಯೋ ಕ್ಲೀಟ್ ಪೆಡಲ್ ಬಿಚ್ಚಿಸಿ ಚಪ್ಪಟೆ ಪೆಡಲ್ ಹಾಕಿಸಿದೆ, ಕ್ಲೀಟಿನಿಂದ ಪಾದ ಬಿಡಿಸಿಕೊಳ್ಳೋಕೆ ಹಿಮ್ಮಡಿ ತಿರುಚಬೇಕಲ್ಲ.

ಐದನೇ ತಿಂಗಳಲ್ಲಿ ಓಟ ಶುರುವಾಯಿತು. ಓಟ ಅನ್ನೋದು ದೊಡ್ಡ ಮಾತು. ಕುಕ್ಕರಹಳ್ಳಿ ಕೆರೆ ಏರಿಯ ಮಣ್ಣುದಾರಿಯಲ್ಲಿ ಒಂದು ನಿಮಿಷ ಓಡೋದು, ಎರಡು ನಿಮಿಷ ನಡೆಯೋದು, ಹೀಗೆ ಎಂಟು ಸಲ. ಸ್ವೆಟರ್ ಹಾಕ್ಕೊಂಡ ತಾತಂದಿರೆಲ್ಲ ನನ್ನನ್ನು ದಾಟಿಕೊಂಡು ಹೋಗೋರು. ನನ್ನ ಹೆಜ್ಜೆ ಸದ್ದು "ಟಪ್, ಟಕ್, ಟಪ್, ಟಕ್". ಎಡಗಾಲು ನೆಲಕ್ಕೆ ಮುಟ್ಟಿ ತಕ್ಷಣ ಎದ್ದುಬಿಡ್ತಿತ್ತು, ಕಾದ ಕಾವಲಿ ಮೇಲೆ ಇಟ್ಟ ಹಾಗೆ. ಒಂದೇ ಸದ್ದು ಬರೋವರೆಗೆ ಸಮಯ ಹೆಚ್ಚಿಸಬೇಡಿ ಅಂದಿದ್ದಳು ಫಿಸಿಯೋ. ಅದಕ್ಕೇ ಒಂದೂವರೆ ತಿಂಗಳು ಹಿಡಿಯಿತು.

ಚಾಮುಂಡಿ ಬೆಟ್ಟ ಹತ್ತೋಕೆ ಒಪ್ಪಿಗೆ ಸಿಕ್ಕಿತು, ಇಳಿಯೋಕೆ ಸಿಗಲಿಲ್ಲ. ಇಳಿಯುವಾಗಲೇ ಮಂಡಿಗೆ ಹೆಚ್ಚು ಹೊರೆ. ಅದೃಷ್ಟಕ್ಕೆ ಆ ಜೂನ್‌ನಲ್ಲೇ ಶಕ್ತಿ ಯೋಜನೆ ಶುರುವಾಗಿತ್ತು. ಸಾವಿರ ಮೆಟ್ಟಿಲು ಹತ್ತೋದು, ಮೇಲೆ ಕೈಮುಗಿದು, ಆಧಾರ್ ತೋರಿಸಿ 201 ನಂಬರ್ ಬಸ್ಸಲ್ಲಿ ಪುಕ್ಕಟೆ ಇಳಿಯೋದು. ಆಷಾಢ ಬೇರೆ. ಅರವತ್ತು ದಾಟಿದ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಒಬ್ಬರು ನನ್ನ ನೀಕ್ಯಾಪ್ ನೋಡಿ, "ಯಾಕವ್ವ, ಈ ವಯಸ್ಸಿಗೇ ಮಂಡಿನೋವಾ?" ಅಂತ ಕನಿಕರಪಟ್ಟು ನನ್ನ ಹಣೆಗೂ ಕುಂಕುಮ ಇಟ್ಟರು. ಆಮೇಲೆ ನನಗಿಂತ ಮುಂಚೆ ನಂದಿ ಹತ್ತಿರ ತಲುಪಿದ್ದರು.

ಏಳನೇ ತಿಂಗಳಲ್ಲಿ ಪರೀಕ್ಷೆ. ಒಂಟಿಕಾಲಲ್ಲಿ ಮುಂದಕ್ಕೆ ಜಿಗಿದು ನಿಲ್ಲಬೇಕು, ಎಡಗಾಲು ಬಲಗಾಲಿನ ಶೇ. 90 ಆದರೂ ಮುಟ್ಟಬೇಕು. ಬಲ 104 ಸೆಂ.ಮೀ., ಎಡ 92. ಶೇ. 88. "ಪರವಾಗಿಲ್ಲ, ಹತ್ತಿರ ಬಂದಿದೀರಿ" ಅಂದಳು. ಆದರೆ ಆಪರೇಷನ್ನಿಗೆ ಮುಂಚೆ ಇದೇ ಬಲಗಾಲು 122 ಜಿಗಿದಿತ್ತು, ಚೀಟಿ ನನ್ನ ಹತ್ತಿರ ಇತ್ತು. ಏಳು ತಿಂಗಳಲ್ಲಿ ಒಳ್ಳೆ ಕಾಲೂ ಸೊರಗಿದೆ. ಸೊರಗಿದ ಕಾಲನ್ನು ಛೇದಕ್ಕೆ ಹಾಕಿದರೆ ಯಾವ ಭಿನ್ನರಾಶಿಯೂ ಚೆನ್ನಾಗೇ ಕಾಣುತ್ತೆ. 122ಕ್ಕೆ ಹೋಲಿಸಿದರೆ ನಾನಿರೋದು ಶೇ. 75. ಅವಳು ಒಂದು ನಿಮಿಷ ನನ್ನನ್ನೇ ನೋಡಿ, "ನಿಮ್ಮಂಥ ಪೇಶಂಟ್ ಇನ್ನೊಬ್ಬರು ಬೇಡ ಮೇಡಂ" ಅಂದಳು. ಆಮೇಲೆ ಎರಡೂ ಕಾಲಿಗೆ ವ್ಯಾಯಾಮ ಬರೆದುಕೊಟ್ಟಳು.

ಒಂಬತ್ತು ತಿಂಗಳಾಯ್ತಲ್ಲ, ಇನ್ನೇನು ಆಡಬಹುದಲ್ಲ ಅಂತ ಕೇಳೋರಿಗೆ ನಾನು ಹೇಳೋದು ಇದೇ. ಅದಕ್ಕೆ ಮುಂಚೆ ಆಟಕ್ಕಿಳಿದರೆ ಮತ್ತೆ ಹರಿಯೋ ಅಪಾಯ ಹೆಚ್ಚು ಅನ್ನೋದು ನಿಜ. ಆದರೆ ಒಂಬತ್ತು ತಿಂಗಳಾದ ಮಾತ್ರಕ್ಕೆ ಕಾಲು ರೆಡಿ ಅಂತಲ್ಲ. ಕ್ಯಾಲೆಂಡರಿಗೆ ಮಂಡಿ ಎಷ್ಟು ಚಾಚುತ್ತೆ ಅಂತ ಗೊತ್ತಿಲ್ಲ.

2024ರ ಫೆಬ್ರವರಿಯಲ್ಲಿ ಇನ್ನೂರು ಕಿಲೋಮೀಟರ್ ಬ್ರೆವೆಗೆ ಹೆಸರು ಕೊಟ್ಟೆ. ಹದಿಮೂರೂವರೆ ಗಂಟೆ ಗಡುವು, ನಡುವೆ ಕಂಟ್ರೋಲು ಅನ್ನೋ ತಪಾಸಣೆ ಜಾಗಗಳಲ್ಲಿ ಕಾರ್ಡಿಗೆ ಸೀಲು. ಬೆಳಗ್ಗೆ ಆರಕ್ಕೆ ಮೈಸೂರು ಬಿಟ್ಟು, ಬಿಳಿಕೆರೆ, ಭೇರ್ಯ ದಾಟಿ, ಹೊಳೆನರಸೀಪುರದಲ್ಲಿ ಹೇಮಾವತಿ ದಾಟಿ ಹಾಸನದ ಕಡೆ ಸ್ವಲ್ಪ ಹೋಗಿ ವಾಪಸ್. ಹೋಗುವಾಗ ಎಲ್ಲ ಚೆನ್ನಾಗಿತ್ತು. ತಟ್ಟೆ ಇಡ್ಲಿ ತಿಂದೆ, ಫೋಟೋ ತೆಗೆಸಿಕೊಂಡೆ. ವಾಪಸ್ ಬರುವಾಗ ಎದುರುಗಾಳಿ. ನೂರ ನಲವತ್ತರ ಹತ್ತಿರ ನೋವು ಶುರುವಾಯಿತು, ಅದೂ ಬಲ ಮಂಡಿಯಲ್ಲಿ! ವರ್ಷದಿಂದ ಎಡಗಾಲಿನ ಕೆಲಸವನ್ನೂ ಅದೇ ಮಾಡ್ತಿತ್ತಲ್ಲ, ಮುನಿಸಿಕೊಂಡಿತ್ತು. ರಸ್ತೆ ಪಕ್ಕದ ಕಬ್ಬಿನ ಜ್ಯೂಸ್ ಅಂಗಡಿಯ ಕಲ್ಲಿನ ಮೇಲೆ ಕೂತು ಎರಡು ಗ್ಲಾಸ್ ಕುಡಿದು, ಸೀಟು ನಾಲ್ಕು ಮಿಲಿಮೀಟರ್ ಏರಿಸಿ, ಹಗುರ ಗೇರಿನಲ್ಲಿ ಎಡಗಾಲಿಗೆ "ನೀನೇ ತುಳಿ" ಅಂತ ಹೇಳಿಕೊಂಡು ಬಂದೆ. ಹನ್ನೆರಡು ಗಂಟೆ ಐವತ್ತೊಂದು ನಿಮಿಷ. ಮೊದಲಾಗಿದ್ದರೆ ಹತ್ತೂವರೆಯಲ್ಲಿ ಮುಗೀತಿತ್ತು.

ಮಾರನೇ ಬೆಳಗ್ಗೆ ಟೈಲರ್ ಟೇಪ್ ಹಿಡಿದು ಮಂಡಿಚಿಪ್ಪಿನಿಂದ ಹದಿನೈದು ಸೆಂಟಿಮೀಟರ್ ಮೇಲೆ ಅಳೆದೆ. ಬಲ ತೊಡೆ 50, ಎಡ 48.5. ಆಪರೇಷನ್ ಆದ ಹೊಸದರಲ್ಲಿ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಇತ್ತು, ಎಡಗಡೆ ಚೂಡಿದಾರದ ಕಾಲು ಪಟಪಟ ಅಂತ ಹಾರಾಡ್ತಿತ್ತು. ಕಣಕಾಲಿನ ಹೊರಬದಿಯಲ್ಲಿ ಅಂಗೈಯಗಲ ಜಾಗ ಇವತ್ತಿಗೂ ಜೋಮು ಹಿಡಿದ ಹಾಗೇ ಇದೆ. ಸೊಳ್ಳೆ ಕಚ್ಚಿದರೂ ಗೊತ್ತಾಗಲ್ಲ, ಕೆರೆತ ಮಾತ್ರ ಅದರ ಸುತ್ತ ಎಲ್ಲೋ ಆಗುತ್ತೆ.

ಸೈಕಲ್, ಓಟ ಎರಡೂ ನೇರ ಹೋಗೋ ಆಟಗಳು. ಎಗರಿ, ತಿರುಗಿ, ಒಂಟಿಕಾಲ ಮೇಲೆ ಇಳಿಯೋದು ಬೇರೆ ವಿಷಯ. ಈ ಡಿಸೆಂಬರಿನ ಕ್ರೀಡಾಕೂಟಕ್ಕೆ ಹಿಂದಿ ಟೀಚರ್ ಬಂದು, "ಈಗ ಇನ್ನೂರು ಕಿಲೋಮೀಟರ್ ಹೊಡೀತೀರಲ್ಲ, ಬನ್ನಿ ಟೀಮಿಗೆ" ಅಂದರು. ನಾನು ಸ್ಕೋರ್ ಬರೆಯೋ ಕೆಲಸ ತಗೊಂಡೆ. ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬಾಲ್ ಒಂದು ಸಲ ನನ್ನ ಕಡೆಗೇ ಉರುಳಿ ಬಂತು. ಎದ್ದು, ಎರಡೂ ಪಾದ ಗಟ್ಟಿಯಾಗಿ ಊರಿ, ಮೈ ಒಂದಿಷ್ಟೂ ತಿರುಗಿಸದೆ ವಾಪಸ್ ಎಸೆದೆ. ನೆಟ್ ದಾಟಿತು.