ಗುಡ್ಡದ ಹೊಟ್ಟೆಯಲ್ಲಿ ನೀರು ಹುಡುಕಿದ್ದು

ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಿಂದ ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುವಾಗಲೆಲ್ಲ ಅಪ್ಪಯ್ಯ, "ನಮ್ಮ ಮಾಣಿ ಡ್ಯಾಮಿನ ನೀರು ಇಲ್ಲೇ ಗುಡ್ಡದ ಹೊಟ್ಟೆಯೊಳಗೆ ಇಳಿಯುತ್ತದೆ" ಎನ್ನುತ್ತಿದ್ದರಾದರೂ, ಆ ಹೊಟ್ಟೆಯನ್ನು ಅವರೂ ಕಂಡವರಲ್ಲ. ಕಳೆದ ಡಿಸೆಂಬರಿನಲ್ಲಿ ಮುಂಚಿತವಾಗಿ ಅನುಮತಿ ಪಡೆದು, ಅವರನ್ನೂ ಹೆಂಡತಿ ಮತ್ತು ಎಂಟು ವರ್ಷದ ಮಗನನ್ನೂ ಕರೆದುಕೊಂಡು ಆ ನೀರಿನಿಂದಲೇ ಕರೆಂಟು ತಯಾರಿಸುವ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ಹೋಗಿಬಂದೆ. ಮೊಬೈಲುಗಳನ್ನು ಗೇಟಿನಲ್ಲೇ ಒಪ್ಪಿಸಿದ್ದರಿಂದ ಈ ಬರಹಕ್ಕೆ ಚಿತ್ರಗಳಿಲ್ಲ.

ಸುರಂಗದೊಳಗೆ ಬಂಡೆಯ ಸಂದಿಯಿಂದ ಒಸರುವ ನೀರು ಗೋಡೆಯ ಬುಡದ ಸಣ್ಣ ಚರಂಡಿಯಲ್ಲಿ ಹರಿಯುತ್ತಿತ್ತು. ಅದನ್ನು ಕಂಡ ಮಗ, "ಅಜ್ಜ, ಇಷ್ಟೇ ನೀರಿನಲ್ಲಿ ಕರೆಂಟು ಮಾಡುತ್ತಾರಾ?" ಎಂದು ಕೇಳಿದ. ಜೋಗದಂಥ ಜಲಪಾತವೊಂದು ಒಳಗೆ ಧುಮುಕುತ್ತಿರುತ್ತದೆಂದು ಅವನು ನಂಬಿದ್ದ. ನಿಜ ಹೇಳಬೇಕೆಂದರೆ ನಾನೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದೆ. ಆದರೆ ಯಂತ್ರಶಾಲೆಯಲ್ಲಿ ಸೆಕೆ ಇತ್ತು, ಕಿವಿ ತುಂಬುವ ಮೊರೆತವಿತ್ತು, ಅಂಗಾಲಿಗೆ ತಾಗುವ ನಡುಕವಿತ್ತು. ನೀರು ಮಾತ್ರ ಎಲ್ಲಿಯೂ ಕಾಣಲಿಲ್ಲ.

ಅಲ್ಲಿರುವುದು 115 ಮೆಗಾವಾಟ್‌ನ ನಾಲ್ಕು ಯಂತ್ರಗಳು. ಮೊದಲ ಎರಡು 1989-90ರ ಹೊತ್ತಿಗೆ ಬಂದವು, ಉಳಿದೆರಡು 2009ರಲ್ಲಿ. ಕೆಳಗಿನ ಅಂತಸ್ತಿನಲ್ಲಿ ಎಂಜಿನಿಯರೊಬ್ಬರು ತೋರಿಸಿದ ದಪ್ಪನೆಯ ಉಕ್ಕಿನ ದಂಡ ಸುಮ್ಮನೆ ನಿಂತಂತೆಯೇ ಕಾಣುತ್ತಿತ್ತು. ಅದರ ಮೇಲಿನ ಗೀರೊಂದು ಮಿನುಗಿ ಮರೆಯಾಗುತ್ತಿದ್ದುದರಿಂದಷ್ಟೇ ತಿರುಗುತ್ತಿದೆಯೆಂದು ಗೊತ್ತಾಯಿತು. ಅದರ ತಳದಲ್ಲಿ, ಉಕ್ಕಿನ ಕವಚದೊಳಗೆ ಪೆಲ್ಟನ್ ಚಕ್ರವಿದೆ. ಘಟ್ಟದ ಮೇಲಿನಿಂದ 400 ಮೀಟರಿಗೂ ಹೆಚ್ಚು ಕೆಳಗಿಳಿದ ನೀರು ಕಿರಿದಾದ ಮೂತಿಯಿಂದ ಚಿಮ್ಮಿ ಚಕ್ರದ ಸುತ್ತಲಿನ ಬಟ್ಟಲುಗಳಿಗೆ ಬಡಿದು, ವೇಗವನ್ನೆಲ್ಲ ಅಲ್ಲಿಯೇ ಬಿಟ್ಟುಕೊಟ್ಟು, ಕೆಳಗಿನ ಸುರಂಗದ ಮೂಲಕ ಮತ್ತೆ ವಾರಾಹಿ ನದಿಯನ್ನು ಸೇರಿ ಕುಂದಾಪುರದ ಕಡೆಯ ಗದ್ದೆಗಳಿಗೂ ಒದಗುತ್ತದೆ. ಪಕ್ಕದ ಚಕ್ರಾ, ಸಾವೆಹಕ್ಕಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಹೋದರೆ, ಮಾಣಿಯದು ಹೀಗೆ ಘಟ್ಟದೊಳಗಿಂದಲೇ ಪಡುವಣಕ್ಕೆ ಇಳಿಯುತ್ತದೆ.

ಅಪ್ಪಯ್ಯನಿಗೆ ಮೆಗಾವಾಟ್ ಲೆಕ್ಕ ರುಚಿಸಲಿಲ್ಲ. "ಸಾವಿರ ಲೀಟರ್ ನೀರು ಬಿಟ್ಟರೆ ಎಷ್ಟು ಕರೆಂಟು?" ಎಂದು ಕೇಳಿದರು. ಆ ಎತ್ತರದಿಂದಾದರೆ ಸುಮಾರು ಒಂದು ಯೂನಿಟ್ ಎಂಬ ಉತ್ತರ ಬಂತು. ನಮ್ಮ ತೋಟದ 5 ಎಚ್.ಪಿ. ಮೋಟರು ಅಷ್ಟರಲ್ಲಿ ಕಾಲು ಗಂಟೆ ಓಡಬಹುದು. ಮನೆಯ ಮಾಡಿನ ಮೇಲಿನ ಟ್ಯಾಂಕು ಹಿಡಿಸುವುದೂ ಸಾವಿರ ಲೀಟರೇ ಆದ್ದರಿಂದ ಈ ಲೆಕ್ಕ ಅವರಿಗೆ ಚೆನ್ನಾಗಿ ಹಿಡಿಸಿತು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿ ಕೂರುವ ನಮಗೆ ಕರೆಂಟನ್ನು ನೀರಿನಲ್ಲಿ ಅಳೆಯುವ ಅಭ್ಯಾಸ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಡಿಕೆ ತೋಟಕ್ಕೆ ಮೋಟರು ಹಾಕಿದಾಗ ಮಗ ಗಡಿಯಾರ ಹಿಡಿದು ಪಂಪ್‌ಹೌಸಿನ ಬಾಗಿಲಲ್ಲಿ ಕುಳಿತಿದ್ದ. ಕಾಲು ಗಂಟೆಗೊಮ್ಮೆ ತೋಟಕ್ಕೆಲ್ಲ ಕೇಳುವಂತೆ, "ಅಜ್ಜ, ಇನ್ನೊಂದು ಟ್ಯಾಂಕು ಖಾಲಿ!" ಎಂದು ಕೂಗುತ್ತಿದ್ದ. ನಾಲ್ಕನೆಯ ಕೂಗಿಗೆ ಅಪ್ಪಯ್ಯ ಬಂದು ಮೋಟರು ಆರಿಸಿದರು.