ಮೋಡೆಮ್ ವಯರ್ ತೆಗೆದ್ರಾ?

ಮೇ ತಿಂಗಳಲ್ಲಿ ನಮ್ಮ ಪುತ್ತೂರು ಕಡೆ ಯಾರಿಗೆ ಫೋನ್ ಮಾಡಿದ್ರೂ ಮೊದಲ ಮಾತು ಸೆಕೆ, ಎರಡನೇ ಮಾತು ನಿಮ್ಮಲ್ಲಿ ಮಳೆ ಬಂತಾ ಅಂತ. ಮೊನ್ನೆ ಊರಿಗೆ ಹೋದಾಗ ಬೆಳಿಗ್ಗೆ ಎದ್ದು ಫೋನ್ ನೋಡ್ತೇನೆ, ಕರಾವಳಿಯ ಮೂರೂ ಜಿಲ್ಲೆಗೆ ಯೆಲ್ಲೋ ಅಲರ್ಟ್, ಗುಡುಗು ಸಿಡಿಲು ಜೋರು ಗಾಳಿ ಅಂತ. ಅಮ್ಮನಿಗೆ ಹೇಳಿದ್ರೆ "ನಿನ್ನೆಯೂ ಹಾಗೇ ಇತ್ತಲ್ಲ, ಒಂದು ಹನಿ ಬೀಳ್ಲಿಲ್ಲ" ಅಂತ ಹೇಳಿ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸ್ಲಿಕ್ಕೆ ಶುರು ಮಾಡಿದ್ರು.

ಅಮ್ಮ ಹೇಳಿದ್ದರಲ್ಲೂ ಅರ್ಥ ಉಂಟು. ಜಿಲ್ಲೆ ಅಂದ್ರೆ ಮಂಗಳೂರಿನ ಸಮುದ್ರದ ಬದಿಯಿಂದ ಸುಬ್ರಹ್ಮಣ್ಯದ ಕಾಡಿನವರೆಗೆ, ಅಷ್ಟಕ್ಕೂ ಒಂದೇ ಬಣ್ಣ. ಸುಳ್ಯದಲ್ಲಿ ಚರಂಡಿ ಉಕ್ಕಿ ಹರಿಯುವಾಗ ಸುರತ್ಕಲ್‌ನಲ್ಲಿ ಫ್ಯಾನ್ ಕೆಳಗೆ ಕೂತು ಬೆವರು ಒರೆಸ್ತಾ ಇರ್ತಾರೆ. ದಿನಾ ಹಳದಿ ನೋಡಿ ನೋಡಿ ಜನ ಅದನ್ನ ಗುಡ್ ಮಾರ್ನಿಂಗ್ ಮೆಸೇಜ್ ತರ ಸರಿಸಿಬಿಡ್ತಾರೆ.

ಅಕ್ಕನ ಮಕ್ಕಳು ಬೆಂಗಳೂರಿಂದ ಬಂದಿದ್ರು, ಅವರಿಗೆ ಪಣಂಬೂರು ಬೀಚಿಗೆ ಹೋಗ್ಲೇಬೇಕು. ನಾನು ನೋಡಿದ್ರೆ ಅವತ್ತು ಸಮುದ್ರದ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್‌ನವರದ್ದು ಕಳ್ಳ ಕಡಲಿನ, ಅಂದ್ರೆ ಹೇಳದೆ ಕೇಳದೆ ದಡಕ್ಕೆ ನುಗ್ಗುವ ಅಲೆಯ, ಎಚ್ಚರಿಕೆಯೂ ಉಂಟು. "ಮಾವ, ಗಾಳಿನೇ ಇಲ್ಲ, ಬಿಸಿಲು ಹೇಗಿದೆ ನೋಡು, ಅಲೆ ಎಲ್ಲಿಂದ ಬರುತ್ತೆ?" ಅಂತ ದೊಡ್ಡವನು ಕೇಳಿದ. ಸರಿಯಾದ ಪ್ರಶ್ನೆಯೇ ಮಾರಾಯ್ರೆ. ಆ ಅಲೆ ಹುಟ್ಟೋದು ಇಲ್ಲಲ್ಲ, ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಎಲ್ಲೋ ಬಿರುಗಾಳಿ ಎದ್ದು ಅದು ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ದಿನಗಟ್ಟಲೆ ಆದ ಮೇಲೆ ನಮ್ಮ ದಡಕ್ಕೆ ಬರ್ತದೆ, ಇಲ್ಲಿ ಆಕಾಶ ತಿಳಿಯಾಗಿಯೇ ಇರ್ತದೆ, ಅದಕ್ಕೇ ಅದು ಡೇಂಜರ್. ಊರಿನ ಮೀನುಗಾರರು ಅಂಥ ದಿನ ದೋಣಿಗಳನ್ನ ಬಿಡಿಬಿಡಿಯಾಗಿ ಕಟ್ತಾರೆ, ಒಂದಕ್ಕೊಂದು ಗುದ್ದಬಾರದು ಅಂತ. ನೀರಿಗೆ ಇಳಿಯೋದು ಹೊರಗಿಂದ ಬಂದವರೇ. ಅಂತೂ ಬೀಚ್ ಕ್ಯಾನ್ಸಲ್, ಮಕ್ಕಳ ಮುಖ ನೋಡ್ಲಿಕ್ಕಾಗ್ಲಿಲ್ಲ, ಪುನರ್ಪುಳಿ ಶರಬತ್ತು ಕೊಟ್ಟು ಸಮಾಧಾನ ಮಾಡಿದ್ದು.

ಮಧ್ಯಾಹ್ನ ಥರ್ಮಾಮೀಟರ್ 34 ತೋರಿಸ್ತಿತ್ತು. ಬೀದರ್ ಕಲಬುರಗಿಯವರು ಕೇಳಿದ್ರೆ ನಗ್ತಾರೆ, ಆದ್ರೆ ಇಲ್ಲಿ ಬೆವರು ಆರುವುದೇ ಇಲ್ಲ, ಮೈಗೆ 40ರ ಮೇಲೆ ಅನ್ನಿಸ್ತದೆ. ಹವಾಮಾನ ಇಲಾಖೆ ಲೆಕ್ಕದಲ್ಲಿ ಕರಾವಳಿಯಲ್ಲಿ ಬಿಸಿಗಾಳಿ ಅನ್ನಬೇಕಾದ್ರೆ 37 ಡಿಗ್ರಿ ಮುಟ್ಟಬೇಕು, ಮಾಮೂಲಿಗಿಂತ 4.5 ಜಾಸ್ತಿಯೂ ಇರ್ಬೇಕು, ಹಾಗಾಗಿ ನಮ್ಮ ಸೆಕೆಗೆ ಹೆಚ್ಚಿನ ದಿನ ಆ ಹೆಸರೂ ಸಿಗೋದಿಲ್ಲ. ತೋಟದಲ್ಲಿ ಕೆಲಸ ಮಾಡ್ತಿದ್ದವರನ್ನ ಅಪ್ಪ ಹನ್ನೊಂದೂವರೆಗೇ ಮನೆಗೆ ಕರೆದು ಉಪ್ಪು ಹಾಕಿದ ನೀರು ಮಜ್ಜಿಗೆ ಕೊಟ್ರು, ಉಳಿದ ಕೆಲಸ ನಾಳೆ ಬೆಳಿಗ್ಗೆ ಬೇಗ ಬನ್ನಿ ಅಂತ. ಯಾವ ಆ್ಯಪೂ ಹೇಳಿದ್ದಲ್ಲ ಅದು.

ಮೂರು ಗಂಟೆ ಹೊತ್ತಿಗೆ ಮೂಡು ದಿಕ್ಕಿನಲ್ಲಿ, ಘಟ್ಟದ ಮೇಲೆ, ಮೋಡ ಕಪ್ಪಾಗ್ಲಿಕ್ಕೆ ಶುರು. ಮಳೆಗಾಲದ ಮಳೆ ಕಡಲ ಕಡೆಯಿಂದ ಬಂದ್ರೆ ಈ ಬೇಸಿಗೆ ಮಳೆ ಹೆಚ್ಚಾಗಿ ಘಟ್ಟದಿಂದ ಇಳಿಯೋದು, ಹಗಲಿಡೀ ಕಡಲಗಾಳಿ ತೇವ ಹೊತ್ತುಕೊಂಡು ಹೋಗಿ ಕಾದ ಗುಡ್ಡದ ಮೇಲೆ ಏರಿಸ್ತದೆ, ಸಂಜೆ ಅದೇ ಸಿಡಿಲಾಗಿ ವಾಪಸ್. ದಾಮಿನಿ ಆ್ಯಪ್ ತೆಗೆದೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಾಡಿದ್ದು, ಸುತ್ತ 20 ಕಿಮೀ 40 ಕಿಮೀ ವೃತ್ತದಲ್ಲಿ ಎಲ್ಲಿ ಸಿಡಿಲು ಬಿತ್ತು ಅಂತ ಚುಕ್ಕೆ ಹಾಕಿ ತೋರಿಸ್ತದೆ. ಚುಕ್ಕೆಗಳು ನಮ್ಮ ಕಡೆಗೇ ಬರ್ತಾ ಇದ್ವು.

ಆಮೇಲೆ ನಡೆದದ್ದು ನೋಡ್ಬೇಕಿತ್ತು ನೀವು. ಅಮ್ಮ "ಮೋಡೆಮ್ ವಯರ್ ತೆಗೆದ್ರಾ?" ಅಂತ ಒಳಗಿಂದ ಕೂಗಿದ್ದೇ ತಡ, ಭಾವ ಟಿವಿ ಕೇಬಲ್ ಎಳೆದ್ರು, ಅಕ್ಕ ಬಕೆಟ್ ಕೊಡಪಾನಕ್ಕೆಲ್ಲ ನೀರು ತುಂಬಿಸಿದ್ಲು, ಕರೆಂಟ್ ಹೋದ್ರೆ ಪಂಪ್ ಇಲ್ಲ ಅಲ್ವಾ, ಅಪ್ಪ ದನವನ್ನ ಮರದಡಿಯಿಂದ ಬಿಚ್ಚಿ ಕೊಟ್ಟಿಗೆಗೆ ತಂದ್ರು, ಟಾರ್ಚ್ ಪವರ್ ಬ್ಯಾಂಕ್ ಮೇಜಿನ ಮೇಲೆ ಬಂತು. ಹಪ್ಪಳದ ಚಾಪೆಯನ್ನ ಇಬ್ಬರು ಮಕ್ಕಳು ಆ ಕಡೆ ಈ ಕಡೆ ಹಿಡಿದು ಜಗಲಿಗೆ ತಂದ್ರು, ಅರ್ಧ ಹಪ್ಪಳ ದಾರಿಯಲ್ಲೇ ಬಿತ್ತು.

ಬಂತು ನೋಡಿ. ಮಿಂಚಿ ಎಣಿಸಿದ್ರೆ ಮೂರು ಸೆಕೆಂಡಿಗೆ ಗುಡುಗು, ಅಂದ್ರೆ ಒಂದು ಕಿಲೋಮೀಟರ್. ಕರೆಂಟ್ ಹೋಯ್ತು, ತೋಟದಲ್ಲಿ ಅಡಿಕೆ ಮರ ಮುರಿದ ಶಬ್ದ. ಸಣ್ಣವನು ಮಳೆ ನಿಂತ ಕೂಡ್ಲೇ ಮಾವಿನ ಹಣ್ಣು ಹೆಕ್ಲಿಕ್ಕೆ ಓಡಿದ, ಭಾವ ಅಂಗಿ ಹಿಡಿದು ಎಳೆದು ತಂದ್ರು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗದೆ ಹೊರಗೆ ಹೋಗ್ಬಾರದು ಅಂತ. ಹಾಗೇ ಕತ್ತಲಲ್ಲಿ ಕೂತು ಮಾತಾಡುವಾಗ, ಸಿಡಿಲು ಬಡಿದವರನ್ನ ಮುಟ್ಟಿದ್ರೆ ನಮಗೂ ಶಾಕ್ ಹೊಡೀತದೆ ಅಂತ ಅಪ್ಪ ಹೇಳಿದ್ರು, ಇಲ್ಲ ಅಪ್ಪ, ಮೈಯಲ್ಲಿ ಕರೆಂಟ್ ಉಳಿಯೋದಿಲ್ಲ, ಉಸಿರು ನಿಂತಿದ್ರೂ ಕೂಡ್ಲೇ ಎದೆ ಒತ್ತಿದ್ರೆ ಬದುಕುವ ಚಾನ್ಸ್ ಉಂಟು ಅಂತ ನಾನು. ಅವರು ಪೂರ್ತಿ ಒಪ್ಪಲಿಲ್ಲ ಅನ್ನಿ.

ಕರೆಂಟ್ ಬಂದದ್ದು ಮರುದಿನ ಮಧ್ಯಾಹ್ನ. ಅಮ್ಮ ಮಾಡಿದ ಮೊದಲ ಕೆಲಸ ಫೋನ್ ಚಾರ್ಜ್ ಮಾಡಿ ಅದಕ್ಕೆ ದಾಮಿನಿ ಹಾಕಿಸ್ಕೊಂಡದ್ದು. ಈಗ ನೆರೆಕರೆಗೆಲ್ಲ ಅವರದ್ದೇ ಬುಲೆಟಿನ್. ನಿನ್ನೆ ಬೆಂಗಳೂರಿಗೆ ನನಗೇ ಫೋನ್ ಮಾಡಿ "ನಿಮ್ಮಲ್ಲಿ ಸಿಡಿಲು ಉಂಟಂತಲ್ಲ, ಟಿವಿಯಲ್ಲಿ ನೋಡಿದೆ, ಚಾರ್ಜಿಗೆ ಇಟ್ಟು ಮಾತಾಡ್ಬೇಡ" ಅಂತ ಹೇಳಿ ನಾನು ಉತ್ತರ ಕೊಡುವ ಮೊದ್ಲೇ ಕಟ್ ಮಾಡಿದ್ರು.